ಎರಡನೆಯ ಸಲ ಕೇಳಿದಾಗ

ಕಳೆದ ವಾರ ಮೊಮ್ಮಗಳು ತನಗೆ ಪ್ರಿಯವಾದ ಹಾಡೊಂದನ್ನು ಕೇಳಿಸಿದಳು. ತಾಳ ನಡುನಡುವೆ ಮುರಿಯುತ್ತಿತ್ತು. ಸ್ವರಗಳ ಜಾಡು ಹಿಡಿಯಲಾಗಲಿಲ್ಲ. ಅಭ್ಯಾಸಬಲದಿಂದ "ಇದೇನು ಗದ್ದಲ!" ಎಂದುಬಿಟ್ಟೆ. "ತಾತ, ನೀವು ಪೂರ್ತಿ ಕೇಳಲೇ ಇಲ್ಲವಲ್ಲ" ಎಂದಳು. ಪ್ರಿಯ ಶಿಷ್ಯರೇ, ನಿಮ್ಮ ಹಾಡುಗಳ ಬಗೆಗೂ ತರಗತಿಯಲ್ಲಿ ಇದೇ ಮಾತನ್ನಾಡಿದ್ದು ನೆನಪಾಗಿ ನಾಚಿಕೆಯಾಯಿತು.

ಸಂಗೀತ ಕೇಳುವಾಗ ನಮ್ಮ ಮಿದುಳು ಸುಮ್ಮನಿರುವುದಿಲ್ಲ. ಮುಂದೇನು ಬಂದೀತೆಂದು ಊಹಿಸುತ್ತಲೇ ಇರುತ್ತದೆ. ಫಿನ್ಲೆಂಡಿನ ವಿಜ್ಞಾನಿ ರಿಸ್ಟೊ ನ್ಯಾಟನೆನ್ ಮತ್ತು ಸಂಗಡಿಗರು 1978ರಲ್ಲಿ ಇದರ ಒಂದು ಕುರುಹನ್ನು ವರದಿ ಮಾಡಿದರು. ಒಂದೇ ಧ್ವನಿಯನ್ನು ಮತ್ತೆ ಮತ್ತೆ ಕೇಳಿಸಿ, ನಡುವೆ ಭಿನ್ನವಾದುದೊಂದನ್ನು ತಂದರೆ, ಸುಮಾರು 150ರಿಂದ 250 ಮಿಲಿಸೆಕೆಂಡುಗಳೊಳಗೆ ಮಿದುಳಿನ ವಿದ್ಯುತ್ ಅಲೆಯಲ್ಲಿ ವಿಶಿಷ್ಟ ವ್ಯತ್ಯಾಸ ಕಾಣುತ್ತದೆ. ಕೇಳುಗನ ಗಮನ ಪುಸ್ತಕದ ಮೇಲಿದ್ದರೂ ಹೀಗಾಗುತ್ತದೆ. ಆದರೆ ಹಳೆಯದರ ಜಾಡು ಮನಸ್ಸಿನಲ್ಲಿ ಮೂಡಿರದಿದ್ದರೆ ಹೊಸದು ಹೊಸದೆಂದು ತಿಳಿಯುವುದಾದರೂ ಹೇಗೆ?

ಆನಂದದ ವಿಷಯದಲ್ಲಿಯೂ ಹೀಗೆಯೇ. ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನರಿಗೆ ಅವರೇ ಆರಿಸಿದ ಮೈ ಜುಮ್ಮೆನಿಸುವ ಸಂಗೀತವನ್ನು ಕೇಳಿಸಿದರು. ಆ ಕ್ಷಣ ಬಂದಾಗ ಮಾತ್ರವಲ್ಲ, ಅದನ್ನು ನಿರೀಕ್ಷಿಸುತ್ತಿದ್ದಾಗಲೂ ಮಿದುಳಿನಲ್ಲಿ ಡೋಪಮೈನ್ ಸ್ರವಿಸಿತ್ತು. ಎರಡು ಹಂತಗಳಲ್ಲಿ ಬೇರೆ ಬೇರೆ ಭಾಗಗಳು ಪ್ರಧಾನವಾಗಿದ್ದವು. ಕಾಯುವುದೂ ಸುಖದ ಒಂದು ಪಾಲು.

ನಮ್ಮ ಕರ್ನಾಟಕ ಸಂಗೀತದ ವಿದ್ವಾಂಸರು ಇದನ್ನು ಪ್ರಯೋಗಶಾಲೆಯಿಲ್ಲದೆಯೇ ಬಲ್ಲರು. ಪಲ್ಲವಿಯ ಸಾಲನ್ನು ಮೊದಲು ಸರಳವಾಗಿ ಹಾಡಿ, ಕಿವಿಗೆ ಪರಿಚಯವಾದ ಬಳಿಕ ಒಂದೊಂದೇ ಸಂಗತಿಯನ್ನು ಬೆಳೆಸುತ್ತಾರೆ. ಮೊದಲ ಸಂಗತಿಯನ್ನು ಕೇಳದವನಿಗೆ ಐದನೆಯದರ ಸೊಗಸು ದಕ್ಕದು.

1913ರ ಮೇ 29ರಂದು ಪ್ಯಾರಿಸಿನಲ್ಲಿ ಸ್ಟ್ರಾವಿನ್‌ಸ್ಕಿಯ 'ದಿ ರೈಟ್ ಆಫ್ ಸ್ಪ್ರಿಂಗ್' ಮೊದಲ ಬಾರಿಗೆ ರಂಗವೇರಿದಾಗ ಸಭಿಕರು ಕೂಗಾಡಿ ಕೋಲಾಹಲವೆಬ್ಬಿಸಿದರು. ಆ ಕೋಪದಲ್ಲಿ ನೃತ್ಯದ ಪಾಲೂ ಇತ್ತೆನ್ನಿ. ಮರುವರ್ಷ ಅದೇ ನಗರದ ಕಛೇರಿಯಲ್ಲಿ, ನೃತ್ಯವಿಲ್ಲದೆ ಅದನ್ನೇ ನುಡಿಸಿದಾಗ, ಅಭಿಮಾನಿಗಳು ಸ್ಟ್ರಾವಿನ್‌ಸ್ಕಿಯನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. 1940ರಲ್ಲಿ ಡಿಸ್ನಿಯ 'ಫ್ಯಾಂಟೇಸಿಯ' ಚಿತ್ರದೊಳಗೂ ಆ ಸಂಗೀತ ಸೇರಿತು. ಸ್ವರಗಳು ಹೆಚ್ಚೇನೂ ಬದಲಾಗಿರಲಿಲ್ಲ, ಕಿವಿಗಳು ಪಳಗಿದ್ದವು.

ಹೊಸದೆಲ್ಲವೂ ಶ್ರೇಷ್ಠವೆಂದು ನಾನು ವಾದಿಸುತ್ತಿಲ್ಲ. ಮೂರು ನಾಲ್ಕು ಸಲ ಕೇಳಿಯೂ ಹಿಡಿಸದಿದ್ದರೆ ಹಾಗೆಂದು ಹೇಳುವ ಹಕ್ಕು ನಮಗಿದೆ. ಕೇಳುವ ಮುನ್ನವೇ ತೀರ್ಪು ನೀಡುವ ಹಕ್ಕು ಮಾತ್ರ ಇಲ್ಲ. ವಯಸ್ಸಾದವರು "ನಮ್ಮ ಕಾಲದ ಸಂಗೀತವೇ ಸಂಗೀತ" ಎನ್ನುವಾಗ, ಅದನ್ನು ನೂರಾರು ಸಲ ಕೇಳಿ ಪಳಗಿದ್ದೇವೆಂಬುದನ್ನು ಮರೆಯುತ್ತೇವೆ. ಕಿರಿಯರೂ ಹತ್ತು ಸೆಕೆಂಡು ಕೇಳಿ ಆಲಾಪನೆಯನ್ನು ದಾಟಿ ಹೋಗುವಾಗ ಇದೇ ತಪ್ಪನ್ನು ಮಾಡುತ್ತಾರೆ.

ಮೊಮ್ಮಗಳ ಹಾಡನ್ನು ಆಮೇಲೆ ನಾಲ್ಕು ಸಲ ಕೇಳಿದೆ. ತಾಳ ಮುರಿಯುವ ಜಾಗ ಪ್ರತಿ ಚರಣದಲ್ಲೂ ಒಂದೇ ಎಂದು ಮೂರನೆಯ ಸಲಕ್ಕೆ ಗೊತ್ತಾಯಿತು. ನಾಲ್ಕನೆಯ ಸಲ ನನ್ನ ಬೆರಳು ಅದಕ್ಕಾಗಿ ಕಾಯುತ್ತಿತ್ತು. ಹಾಡು ನನಗಿನ್ನೂ ಪೂರ್ತಿ ಒಲಿದಿಲ್ಲ. ಆದರೆ ಅದನ್ನು ಗದ್ದಲವೆನ್ನಲಾರೆ. ಅಂದು ನಿಮ್ಮ ಹಾಡುಗಳನ್ನು ಹಾಗೆ ಹಳಿದಿದ್ದಕ್ಕೆ ಕ್ಷಮೆಯಿರಲಿ.