ನಕ್ಷೆ ನೋಡಿ ನಿಶ್ಚಿಂತರಾಗಬೇಡಿ, ಗೋಡೆ ನೋಡಿ



‘ದಕ್ಷಿಣದ ನೆಲ ಗಟ್ಟಿಬಂಡೆ, ಇಲ್ಲಿ ಭೂಕಂಪ ಆಗೋದಿಲ್ಲ’ ಎಂದು ಮನೆ ಕಟ್ಟಿಸುವವರೂ ಅನ್ನುತ್ತಾರೆ, ಕಟ್ಟುವವರೂ ಅನ್ನುತ್ತಾರೆ. ನಮ್ಮ ಬೀದರ್, ಕಲಬುರಗಿಯ ಗಡಿಯಾಚೆ, ಲಾತೂರು ಜಿಲ್ಲೆಯ ಕಿಲ್ಲಾರಿಯೂ ಅದೇ ಗಟ್ಟಿಬಂಡೆಯ ಮೇಲಿತ್ತು. ಭೂಕಂಪ ವಲಯ ನಕ್ಷೆ ಆ ಊರನ್ನು ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿಟ್ಟಿತ್ತು. ಹಿಂದಿನ ವರ್ಷವೇ ಅಲ್ಲಿ ಸಣ್ಣಪುಟ್ಟ ನಡುಕಗಳಾಗಿದ್ದವು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ನೆಲ ಅದುರಿತು. ಸುತ್ತಲ ಹಳ್ಳಿಗಳೂ ಸೇರಿ ಸತ್ತವರು ಸುಮಾರು 10,000.

ಆ ಹತ್ತು ವರ್ಷಗಳನ್ನೇ ನೋಡಿ. 1991ರಲ್ಲಿ ಉತ್ತರಕಾಶಿ, 1993ರಲ್ಲಿ ಕಿಲ್ಲಾರಿ, 1997ರಲ್ಲಿ ಜಬಲ್ಪುರ, 1999ರಲ್ಲಿ ಚಮೋಲಿ, 2001ರ ಗಣರಾಜ್ಯೋತ್ಸವದ ಬೆಳಿಗ್ಗೆ ಭುಜ್. ಐದರಲ್ಲಿ ಎರಡು ಮಾತ್ರ ಹಿಮಾಲಯದವು.

ಉತ್ತರಕಾಶಿ ಭೂಕಂಪದ ಪ್ರಮಾಣ 6.8, ಕಿಲ್ಲಾರಿಯದು 6.2. ಪ್ರಮಾಣ ಒಂದಂಕಿ ಏರಿದರೆ ಶಕ್ತಿ 32 ಪಟ್ಟು ಏರುತ್ತದೆ. ಆ ಲೆಕ್ಕದಲ್ಲಿ ಉತ್ತರಕಾಶಿಯದು ಎಂಟು ಪಟ್ಟಿನಷ್ಟು ಬಲವಾದದ್ದು. ಎರಡೂ ಆದದ್ದು ಜನ ಗಾಢನಿದ್ರೆಯಲ್ಲಿದ್ದಾಗಲೇ. ಆದರೂ ಉತ್ತರಕಾಶಿಯಲ್ಲಿ ಸತ್ತವರು 800ರೊಳಗೆ. ಬೆಟ್ಟದಲ್ಲಿ ಜನವಸತಿ ವಿರಳ ಅನ್ನಬಹುದು, ಒಪ್ಪೋಣ. ಆದರೆ ಕಿಲ್ಲಾರಿಯ ಮನೆಗಳು ಹೇಗಿದ್ದವು? ಕಾಡುಗಲ್ಲಿಗೆ ಮಣ್ಣಿನ ಕೆಸರು ಮೆತ್ತಿ ಎಬ್ಬಿಸಿದ ದಪ್ಪ ಗೋಡೆ. ಒಳಮೈಗೂ ಹೊರಮೈಗೂ ಬೆಸುಗೆಯಿಲ್ಲ, ನಡುವೆ ಚೂರುಗಲ್ಲು ತುಂಬಿದ್ದು. ಅದರ ಮೇಲೆ ವರ್ಷವರ್ಷವೂ ಮಣ್ಣು ಪೇರಿಸಿ ಭಾರವಾದ ಮಾಳಿಗೆ. ನೆಲ ಅಲುಗಿದಾಗ ಗೋಡೆ ಎರಡು ಹೋಳಾಗಿ ಮಲಗಿದವರ ಮೇಲೆ ಬಿತ್ತು. ಎಷ್ಟೋ ಕಡೆ ಒಳಗಿನ ಮರದ ಕಂಬಗಳು ಮಾತ್ರ ನಿಂತೇ ಇದ್ದವು. ಇಂಥ ಮಾಳಿಗೆ ಮನೆಗಳು ಆಳಂದ, ಬಸವಕಲ್ಯಾಣ, ಚಿಂಚೋಳಿಯ ಓಣಿಗಳಲ್ಲಿ ಇಂದಿಗೂ ಇವೆ.

ನಕ್ಷೆ ತಪ್ಪಿದ್ದರಿಂದ ಹೀಗಾಯಿತು ಅನ್ನುವವರಿಗೆ ಭುಜ್ ಉತ್ತರ ಕೊಡುತ್ತದೆ. ಕಛ್ ಅತಿ ಹೆಚ್ಚು ಅಪಾಯದ ಐದನೇ ವಲಯವೆಂದು ನಕ್ಷೆ ಸರಿಯಾಗಿಯೇ ಹೇಳಿತ್ತು. 1819ರಲ್ಲಿ, 1956ರಲ್ಲಿ ಆ ಸೀಮೆ ಪೆಟ್ಟು ತಿಂದೂ ಇತ್ತು. ಆದರೂ 2001ರಲ್ಲಿ ಸರ್ಕಾರಿ ಲೆಕ್ಕದಂತೆಯೇ ಗುಜರಾತಿನಲ್ಲಿ 13,000ಕ್ಕೂ ಹೆಚ್ಚು ಜನ ಸತ್ತರು. 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟುಗಳು ಕುಸಿದವು. ಅವುಗಳಲ್ಲಿ ಅನೇಕವು ಕೆಳಗೆ ಪಾರ್ಕಿಂಗಿಗೆಂದು ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ನಿಂತಂಥವು. ಬೆಂಗಳೂರಿನ ಯಾವ ಬಡಾವಣೆಯಲ್ಲಿ ಇಂಥವಿಲ್ಲ, ಹೇಳಿ!

2002ರಲ್ಲಿ ನಕ್ಷೆ ತಿದ್ದಿ ಒಂದನೇ ವಲಯವನ್ನೇ ತೆಗೆದುಹಾಕಿದರು. ಅಂದರೆ ಈ ದೇಶದಲ್ಲಿ ಭೂಕಂಪದ ಭಯವೇ ಇಲ್ಲದ ಜಾಗ ಇಲ್ಲವೆಂದು ತಜ್ಞರೇ ಒಪ್ಪಿದಂತಾಯಿತು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ ಮೇಲಿಂದ ಮೇಲೆ ಕಂಪಿಸಿದ ನೆಲಕ್ಕೆ ಹೆದರಿ ಮನೆಯೊಳಗೆ ಮಲಗಲಾರದೆ ಹೋದರು. ಸಣ್ಣ ನಡುಕದ ಹಿಂದೆ ದೊಡ್ಡದು ಬಂದೇ ಬರುತ್ತದೆ ಎಂದೇನಿಲ್ಲ. ಇಂಥ ದಿನ, ಇಂಥ ಹೊತ್ತಿಗೆ ಭೂಕಂಪ ಎಂದು ಮೊಬೈಲಿನಲ್ಲಿ ಬರುವುದೆಲ್ಲ ಸುಳ್ಳು. ದಿನ, ಗಂಟೆ ಹೇಳುವ ವಿದ್ಯೆ ಯಾರಿಗೂ ಇನ್ನೂ ಬಂದಿಲ್ಲ.

ಗೋಡೆ ಗಟ್ಟಿಮಾಡುವ ವಿದ್ಯೆ ಮಾತ್ರ ಇದೆ. ಹೊಸ ಮನೆ ಕಟ್ಟಿಸುವಾಗ ಲಿಂಟಲ್ಲನ್ನು ಬಾಗಿಲು, ಕಿಟಕಿಯ ಮೇಲಷ್ಟೇ ಹಾಕಿ ನಿಲ್ಲಿಸಬೇಡಿ. ಹೊರೆಗೆ ಹಗ್ಗ ಬಿಗಿದ ಹಾಗೆ ಎಲ್ಲ ಗೋಡೆಗಳನ್ನೂ ಸುತ್ತಿ ಬರಲಿ, ಒಳಗೆ ಕಬ್ಬಿಣದ ಸರಳಿರಲಿ. ಕಲ್ಲುಗೋಡೆಯಾದರೆ ಅಲ್ಲಲ್ಲಿ ಎರಡೂ ಮೈ ಮುಟ್ಟುವ ಉದ್ದಗಲ್ಲು ಕೂರಿಸಲು ಗೌಂಡಿಗೆ ಹೇಳಿ. ಪಿಲ್ಲರಿನ ರಿಂಗುಗಳು ಒತ್ತಾಗಿರಲಿ, ತುದಿ ಒಳಕ್ಕೆ ಮಡಚಿರಲಿ. ಹಳೆಯ ಮಾಳಿಗೆಯ ಹೆಚ್ಚಿನ ಮಣ್ಣು ಇಳಿಸಿ. ಮನೆಯ ಒಟ್ಟು ಖರ್ಚಿನಲ್ಲಿ ಇವೆಲ್ಲ ಸಣ್ಣ ಪಾಲು.

ಪಂಚಾಯಿತಿಯ ವಸತಿ ಯೋಜನೆಯ ಮನೆಗಳಲ್ಲಿ ಈ ಸುತ್ತುಪಟ್ಟಿ ಕಡ್ಡಾಯವಾಗಲಿ, ಗೌಂಡಿಗಳಿಗೆ ತರಬೇತಿ ಸಿಗಲಿ, ನಗರಗಳಲ್ಲಿ ಕಂಬದ ಲೆಕ್ಕ ಪರಿಶೀಲಿಸದೆ ಪರವಾನಗಿ ಕೊಡುವುದು ನಿಲ್ಲಲಿ. ಮುಂದಿನ ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಈ ಕರಪತ್ರ ಹಿಡಿದು ಎದ್ದು ನಿಲ್ಲಿ, ಕೇಳಿ, ಠರಾವು ಬರೆಸಿ.