ರುಜು ಯಾರದು, ಹೊಣೆ ಯಾರದು?

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಈಲಾಯ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿಂದ ಸುಮಾರು 1,400 ಕಿಲೋಮೀಟರ್ ದೂರದಲ್ಲಿ, ಟೆಕ್ಸಾಸ್‌ನ ಡಿಲಿ ಎಂಬ ಊರಿನಲ್ಲಿ, ವಲಸೆ ಬಂದ ತಾಯಂದಿರನ್ನೂ ಮಕ್ಕಳನ್ನೂ ಕೂಡಿಹಾಕಲು 2,400 ಹಾಸಿಗೆಗಳ ಬಂಧನ ಕೇಂದ್ರವೊಂದು ತಲೆಯೆತ್ತಿತು. ಅದನ್ನು ನಡೆಸಿದ್ದು ಇಂದು ಕೋರ್‌ಸಿವಿಕ್ ಎಂಬ ಹೆಸರಿನ ಖಾಸಗಿ ಕಂಪನಿ. ಆದರೆ ಒಪ್ಪಂದಕ್ಕೆ ರುಜು ಹಾಕಿದ್ದು ಈಲಾಯ್ ನಗರಾಡಳಿತ!

2014ರಲ್ಲಿ ವಲಸೆ ಇಲಾಖೆಯು ಬೇರೊಂದು ಕೇಂದ್ರಕ್ಕಾಗಿ ಈಲಾಯ್ ಜೊತೆ ಮೊದಲೇ ಇದ್ದ ಒಪ್ಪಂದವನ್ನು ತಿದ್ದಿ, ಡಿಲಿಯನ್ನು ಅದರೊಳಗೆ ಸೇರಿಸಿತು. ಹೊಸ ಟೆಂಡರ್ ಕರೆಯುವ ಗೊಡವೆ ತಪ್ಪಿತು. ಈಲಾಯ್‌ಗೆ ಸಂದದ್ದು ವರ್ಷಕ್ಕೆ ಸುಮಾರು 4,38,000 ಡಾಲರ್. ಅದರ ಪಾತ್ರ ಬರಿಯ ಮಧ್ಯವರ್ತಿಯದೆಂದು ಅಮೆರಿಕ ಸರ್ಕಾರದ್ದೇ 2018ರ ತನಿಖಾ ವರದಿಯೊಂದು ಹೇಳಿತು. ಕೈ ಕೆಸರಾದರೆ ಬಾಯಿ ಮೊಸರು ಎಂಬುದು ನಮ್ಮ ಗಾದೆ. ಇಲ್ಲಿ ಕೈ ಕೆಸರಾಗದೆಯೇ ಮೊಸರು ದೊರೆಯಿತು.

ಅದೇ 2018ರಲ್ಲಿ, ಡಿಲಿಯಿಂದ ಬಿಡುಗಡೆಯಾದ, ಎರಡು ವರ್ಷವೂ ತುಂಬದ ಹೆಣ್ಣುಮಗುವೊಂದು ಕೆಲವು ವಾರಗಳ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡಿತು. ತಾಯಿಯ ವಕೀಲರು ಈಲಾಯ್ ನಗರದಿಂದ 4 ಕೋಟಿ ಡಾಲರ್ ಪರಿಹಾರ ಕೇಳಿದರು. ತಾನು ಕಣ್ಣಾರೆ ಕಾಣದ ಕೇಂದ್ರಕ್ಕೆ ತಾನೇ ಉತ್ತರ ಹೇಳಬೇಕಾದೀತೆಂಬುದು ಆಗ ಊರಿಗೆ ಹೊಳೆದಿರಬೇಕು. ಅದು ಒಪ್ಪಂದದಿಂದ ಹೊರಬಂದಿತು. ಆ ಜಾಗಕ್ಕೆ ಡಿಲಿ ನಗರವೇ ಬಂದು ನಿಂತಿತು. 2024ರಲ್ಲಿ ಮುಚ್ಚಿದ ಕೇಂದ್ರ 2025ರಲ್ಲಿ ಮತ್ತೆ ಬಾಗಿಲು ತೆರೆಯಿತು.

ಒಂದು ಊರು ಹಿಂದೆ ಸರಿದರೆ ಬಂಧನ ನಿಂತೀತೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಟೆಕ್ಸಾಸ್‌ನ ವಿಲಿಯಮ್‌ಸನ್ ಕೌಂಟಿ, ಹಟ್ಟೊ ಎಂಬ ಕೇಂದ್ರದ ಒಪ್ಪಂದವನ್ನು ಕೊನೆಗಾಣಿಸಲು 2018ರಲ್ಲಿ ಮತ ಹಾಕಿತು. ವಲಸೆ ಇಲಾಖೆ ನೇರವಾಗಿ ಕಂಪನಿಯೊಂದಿಗೇ ಒಪ್ಪಂದ ಮಾಡಿಕೊಂಡಿತು. ಒಳಗಿದ್ದ ಹೆಂಗಸರು ಒಳಗೇ ಉಳಿದರು. ಆದರೂ ಆ ಮತ ವ್ಯರ್ಥವೆಂದು ನನಗೆ ಅನ್ನಿಸುವುದಿಲ್ಲ. ಚುನಾಯಿತ ಸಭೆಯ ರುಜು ಆ ಊರಿನ ಪ್ರತಿಯೊಬ್ಬನ ರುಜು. ತಮ್ಮ ಹೆಸರಿನಲ್ಲಿ ಏನು ನಡೆಯುತ್ತಿದೆಯೆಂದು ಕೇಳುವ ಹಕ್ಕನ್ನು ಆ ಜನ ಬಳಸಿಕೊಂಡರು.

ಮುಂಬಯಿ, ಚೆನ್ನೈ, ದೆಹಲಿ, ಯಾವ ಊರಿನಲ್ಲಿ ನೆಲೆಸಿದ್ದರೂ ಗುತ್ತಿಗೆ ಎಂಬ ಮಾತಿನ ಮಹಿಮೆ ನಮಗೆ ಹೊಸತಲ್ಲ. ಒಳಚರಂಡಿಗೆ ಇಳಿದವನು ಹೆಣವಾಗಿ ಮೇಲೆ ಬಂದಾಗ, ಅವನು ಗುತ್ತಿಗೆದಾರನ ಆಳು, ನಮ್ಮವನಲ್ಲ ಎಂಬ ಉತ್ತರವನ್ನು ಕೇಳಿದ್ದೇವೆ. ಕಸ ಸಾಗಿಸುವುದನ್ನೋ ರಸ್ತೆ ರಿಪೇರಿಯನ್ನೋ ಗುತ್ತಿಗೆಗೆ ಕೊಡಬಹುದು, ಅದರ ಹೊಣೆಯನ್ನಲ್ಲ. ಕೆಲಸವೇ ಮನುಷ್ಯರನ್ನು ಕೂಡಿಹಾಕುವುದಾದಾಗ ಈ ಮಾತು ಇನ್ನಷ್ಟು ಗಟ್ಟಿಯಾಗಿ ನಿಲ್ಲಬೇಕು. ಬೀಗ ಹಾಕುವ ಅಧಿಕಾರ ಪ್ರಜೆಗಳಿಂದ ಬಂದದ್ದು. ಬೀಗದ ಕೈ ಯಾರ ಸೊಂಟದಲ್ಲಿದ್ದರೂ ಒಳಗಿನ ಮಗು ಕೆಮ್ಮಿದರೆ ಕೇಳಿಸಿಕೊಳ್ಳಬೇಕಾದವರು ರುಜು ಹಾಕಿದವರೇ.