ರುಚಿಗೆ ಮುಪ್ಪು ಬೇಡ, ಕಿವಿಗೆ ಪೆಟ್ಟು ಬೇಡ

ಕಳೆದ ವರ್ಷ ಬೈಲಹೊಂಗಲ ತಾಲ್ಲೂಕಿನ ಹಳ್ಳಿಯೊಂದರಿಂದ ಎಪ್ಪತ್ತು ದಾಟಿದ ಹಿರಿಯರೊಬ್ಬರನ್ನು ಅವರ ಮಗ ನನ್ನ ದವಾಖಾನೆಗೆ ಕರೆತಂದರು. ‘ಡಾಕ್ಟರ್ ಸಾಹೇಬ್ರ, ಅಪ್ಪಾರು ಭಜನಿಗೆ ಹೋಗೂದು ಬಿಟ್ಟಾರ್ರೀ. ಮನ್ಯಾಗ ಮೊಮ್ಮಗ ಹಾಡು ಹಚ್ಚಿದ್ರ ಬಯ್ತಾರ. ಮನಸ್ಸಿಗೆ ಏನರ ಹಚ್ಚಿಕೊಂಡಾರೇನೋ, ನೋಡ್ರಿ’ ಎಂಬುದು ಮಗನ ದೂರು. ಹಿರಿಯರನ್ನು ಕೇಳಿದರೆ, ‘ಈಗಿನ ಹಾಡಿನ್ಯಾಗ ಏನೈತ್ರಿ, ಬರೇ ಗದ್ದಲ. ಭಜನ್ಯಾಗೂ ಮೊದಲಿನಂಗ ಯಾರೂ ಬಾಯಿ ಬಿಚ್ಚಿ ಹಾಡಂಗಿಲ್ಲ’ ಎಂದರು.

ಪರೀಕ್ಷಿಸಿದಾಗ ಎರಡೂ ಕಿವಿಗಳಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ತೆಗೆಸಿದ ಮೇಲೂ ಪೂರ್ತಿ ಕೇಳಿಸಲಿಲ್ಲ. ಶ್ರವಣ ಪರೀಕ್ಷೆಗೆ ಕಳಿಸಿದಾಗ ವಯೋಸಹಜ ಕಿವುಡು ಇರುವುದು ಗೊತ್ತಾಯಿತು. ಮುಪ್ಪಿನಲ್ಲಿ ಮೊದಲು ಕೈಕೊಡುವುದು ತೀಕ್ಷ್ಣ ಸ್ವರಗಳನ್ನು ಗ್ರಹಿಸುವ ಶಕ್ತಿ. ಸ, ಶ, ತ, ಫ ಮುಂತಾದ ಅಕ್ಷರಗಳು ಮಸುಕಾಗುತ್ತವೆ. ಅವರಿಗೆ ಡಗ್ಗಾದ ಸದ್ದು ಕೇಳುತ್ತಿತ್ತು, ಪದದ ಅಕ್ಷರ ತಿಳಿಯುತ್ತಿರಲಿಲ್ಲ. ಅರ್ಥವಾಗದ ಹಾಡು ಗದ್ದಲವೆನಿಸುವುದು ಸಹಜವೇ. ಮನೆಯವರು ಅದನ್ನು ಮನಸ್ಸಿನ ಕಾಯಿಲೆ ಎಂದುಕೊಂಡರು, ಹಿರಿಯರು ಕಾಲದ ದೋಷ ಎಂದುಕೊಂಡರು. ಕಿವಿಯನ್ನು ಯಾರೂ ಅನುಮಾನಿಸಿರಲಿಲ್ಲ.

ಓದುಗರೇ, ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ಬಗೆಬಗೆಯ ಸಂಗೀತವನ್ನು ಬಾಳಿನುದ್ದಕ್ಕೂ ಕೇಳುವುದು ಒಳ್ಳೆಯ ಹವ್ಯಾಸ. ಆದರೆ ಅದಕ್ಕೆ ಎರಡು ವಸ್ತುಗಳು ಕೊನೆಯವರೆಗೂ ಉಳಿಯಬೇಕು: ತೆರೆದ ಮನಸ್ಸು, ಕೆಡದ ಕಿವಿ.

ಹದಿನೆಂಟರ ಹಾಡೇ ಹಾಡೇ?

ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ಕೇಳಿದ ಹಾಡುಗಳು ನೆನಪಿನಲ್ಲಿ ಆಳವಾಗಿ ನಿಲ್ಲುತ್ತವೆ ಎಂದು ಮನೋವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಆದ್ದರಿಂದಲೇ ಪ್ರತಿ ತಲೆಮಾರಿಗೂ ತನ್ನ ಕಾಲದ ಹಾಡೇ ಶ್ರೇಷ್ಠ. ನಾನೂ ಇದಕ್ಕೆ ಹೊರತಲ್ಲ. ವೈದ್ಯಕೀಯ ಓದುವಾಗ ಹಳೆಯ ಹಿಂದಿ ಚಿತ್ರಗೀತೆಗಳ ಕ್ಯಾಸೆಟ್ ಬಿಟ್ಟರೆ ಬೇರೇನೂ ನನಗೆ ಬೇಕಿರಲಿಲ್ಲ. ಚೌಡಿಕೆ ಪದವನ್ನು ‘ಅದೇ ರಾಗ, ಅದೇ ತಾಳ’ ಎಂದು ತಳ್ಳಿಹಾಕಿದ್ದೆ. ಮುಂದೆ ಒಮ್ಮೆ ಭಾರತ ಹುಣ್ಣಿಮೆಯ ಸಮಯದಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ರಾತ್ರಿ ಕೆಲಸಕ್ಕೆ ನಿಂತಾಗ ಎದ್ದು ಹೋಗುವ ದಾರಿಯಿಲ್ಲದೆ ಒಂದು ಗಂಟೆ ಕೇಳಬೇಕಾಯಿತು. ಒಂದೇ ತಂತಿಯನ್ನು ಬಿಗಿದು ಸಡಿಲಿಸಿ ಸ್ವರವನ್ನು ಬಾಗಿಸುವ ಪರಿ, ಅದರ ಮೇಲೆ ದನಿ ಏರಿಳಿಯುವ ಪರಿ ಆಗ ತಿಳಿಯಿತು. ಕೊರತೆ ಇದ್ದದ್ದು ಹಾಡಿನಲ್ಲಲ್ಲ, ನನ್ನ ತಾಳ್ಮೆಯಲ್ಲಿ.

ಪದೇ ಪದೇ ಎದುರಾದದ್ದು ಕ್ರಮೇಣ ಇಷ್ಟವಾಗುತ್ತದೆ ಎಂಬುದನ್ನು 1968ರಷ್ಟು ಹಿಂದೆಯೇ ಪ್ರಯೋಗಗಳು ತೋರಿಸಿವೆ. ಹೊಸ ಬಗೆಯ ಸಂಗೀತವನ್ನು ಒಮ್ಮೆ ಕೇಳಿ ತೀರ್ಪು ಕೊಡಬೇಡಿ. ಮೂರು ಬಾರಿ ಕೇಳಿ, ಆಮೇಲೆ ಬೇಡವೆನ್ನಿ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ದೊಡ್ಡ ನಿದರ್ಶನವಿದೆ. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರು ಎಳವೆಯಲ್ಲೇ ಹೆಸರು ಮಾಡಿದವರು. 1940ರ ದಶಕದ ಕೊನೆಗೆ ಕ್ಷಯರೋಗ ತಗುಲಿ ಮಧ್ಯಪ್ರದೇಶದ ದೇವಾಸದಲ್ಲಿ ಹಲವು ವರ್ಷ ಹಾಸಿಗೆ ಹಿಡಿದರು. ಹಾಡುವುದಕ್ಕೆ ವೈದ್ಯರ ನಿಷೇಧ. ಹಾಡಲಾಗದ ಆ ಗಾಯಕರು ಮಾಳವ ಪ್ರಾಂತದ ಜನಪದ ಗೀತೆಗಳಿಗೆ ಕಿವಿಗೊಟ್ಟರು. ಸ್ಟ್ರೆಪ್ಟೊಮೈಸಿನ್ ಚಿಕಿತ್ಸೆಯಿಂದ ಗುಣವಾದರೂ ಒಂದು ಶ್ವಾಸಕೋಶ ಹೆಚ್ಚುಕಡಿಮೆ ಕೆಲಸಕ್ಕೆ ಬಾರದಂತಾಗಿತ್ತು. ಆದರೂ 1950ರ ದಶಕದಲ್ಲಿ ಮತ್ತೆ ಹಾಡಲಾರಂಭಿಸಿದಾಗ ಆ ಲೋಕಗೀತೆಗಳು, ಅವುಗಳಿಂದ ಹುಟ್ಟಿದ ಹೊಸ ರಾಗಗಳು, ಕಬೀರನ ನಿರ್ಗುಣ ಭಜನೆಗಳು ಅವರ ಸಂಗೀತದ ಭಾಗವಾಗಿದ್ದವು. ಔಷಧಿ ರೋಗವನ್ನು ಗುಣಪಡಿಸಿತು, ಕೇಳುವಿಕೆ ಸಂಗೀತವನ್ನು ಬೆಳೆಸಿತು. ಈ ಎರಡನ್ನೂ ಒಂದರೊಡನೊಂದು ಬೆರೆಸಬಾರದು.

ಏಕೆಂದರೆ ‘ಈ ರಾಗ ಕೇಳಿದರೆ ರಕ್ತದೊತ್ತಡ ಹೋಗುತ್ತದೆ, ಆ ರಾಗ ಕೇಳಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ’ ಎಂಬ ಮಾತುಗಳನ್ನು ನಂಬಿ ಮಾತ್ರೆ ಬಿಟ್ಟವರನ್ನು ನಾನು ನೋಡಿದ್ದೇನೆ. ಮಾತ್ರೆ ಬಿಡಬೇಡಿ. ಸಂಗೀತದಿಂದ ಆತಂಕ ತಗ್ಗಬಹುದು, ನಿದ್ರೆ ಸುಧಾರಿಸಬಹುದು. ಮರೆಗುಳಿ ರೋಗ ಬಂದವರಲ್ಲೂ ಎಷ್ಟೋ ಸಲ ಹಳೆಯ ಹಾಡುಗಳ ನೆನಪು ಉಳಿದಿರುತ್ತದೆ. ಇಷ್ಟು ಲಾಭವೇನು ಕಡಿಮೆಯಲ್ಲ.

ಕೇಳಲು ನಮಗೆ ಬಡತನವಿಲ್ಲ. ಕಿತ್ತೂರು ಚನ್ನಮ್ಮ, ಸಂಗೊಳ್ಳಿ ರಾಯಣ್ಣರ ಲಾವಣಿ ಮತ್ತು ಗೀಗೀ ಪದ, ಶ್ರೀಕೃಷ್ಣ ಪಾರಿಜಾತ, ಮೊಹರಮ್ಮಿನ ರಿವಾಯತ್, ಏಕತಾರಿ ಹಿಡಿದ ತತ್ವಪದ, ಸೋಬಾನೆ, ಕರಡಿ ಮಜಲು. ಹಂತಿ ಪದ ಮಾತ್ರ ರಾಶಿ ಮಾಡುವ ಯಂತ್ರ ಬಂದ ಮೇಲೆ ಕಣದಿಂದ ದೂರವಾಗಿದೆ. ಪಕ್ಕದ ಧಾರವಾಡದ ಮಲ್ಲಿಕಾರ್ಜುನ ಮನಸೂರರು ಮೊದಲು ಕರ್ನಾಟಕ ಸಂಗೀತ ಕಲಿತು, ಬಳಿಕ ಹಿಂದೂಸ್ತಾನಿಯಲ್ಲಿ ಮೇರುವಾಗಿ, ವಚನಗಳನ್ನೂ ಹಾಡಿದವರು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಜಾನಪದವನ್ನೂ ಶಾಸ್ತ್ರೀಯವನ್ನೂ ಒಂದೇ ಪೆಟ್ಟಿಗೆಯಿಂದ ನಮ್ಮ ಮನೆಗಳಿಗೆ ತಲುಪಿಸಿತು. ಈಗ ಮೊಬೈಲಿನಲ್ಲಿ ಆಫ್ರಿಕಾದ ಡೋಲು, ಅಮೆರಿಕದ ಜಾಝ್ ಕೂಡ ಸಿಗುತ್ತವೆ. ಆದರೆ ಒಮ್ಮೆ ಕೇಳಿದ್ದನ್ನೇ ಹೋಲುವ ಹಾಡುಗಳನ್ನು ಅದೇ ಮೊಬೈಲು ಮತ್ತೆ ಮತ್ತೆ ಮುಂದಿಡುತ್ತದೆ. ಹೊಸದನ್ನು ನಾವೇ ಹುಡುಕಬೇಕು.

ಕಿವಿಗೆ ಎರಡನೇ ಜೋಡಿಯಿಲ್ಲ

ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 15,000. ಸತ್ತವು ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ 4 ಗಂಟೆ. 100 ಆದರೆ ವಾರಕ್ಕೆ ಸುಮಾರು 20 ನಿಮಿಷ ಮಾತ್ರ! ಮೆರವಣಿಗೆಯ ಡಿಜೆ ಪೆಟ್ಟಿಗೆಯ ಮುಂದೆ ಒಂದು ಸಂಜೆ ಕುಣಿಯುವ ಹುಡುಗ ಎಷ್ಟು ವಾರಗಳ ಪಾಲನ್ನು ಮುಗಿಸುತ್ತಾನೆಂದು ಲೆಕ್ಕ ಹಾಕಿ. ಮರುದಿನ ಕಿವಿಯಲ್ಲಿ ‘ಗುಂಯ್’ ಎಂದರೆ ಅದು ಪೆಟ್ಟು ಬಿದ್ದುದರ ಸೂಚನೆ.

2000ದ ಶಬ್ದಮಾಲಿನ್ಯ ನಿಯಮಗಳಂತೆ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇದೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ ನಿಲ್ಲಲಿ ಎಂದು ನಾನು ಹೇಳುತ್ತಿಲ್ಲ. ಡೊಳ್ಳು, ಕರಡಿ ಮಜಲಿನಿಂದಲೂ ಮೆರವಣಿಗೆ ಕಳೆಗಟ್ಟುತ್ತದೆ. ಡೊಳ್ಳಿನ ಸದ್ದೂ ಹತ್ತಿರದವರಿಗೆ ಜೋರೇ, ಆದರೆ ಬಾರಿಸುವವನ ಕೈ ಸೋಲುತ್ತದೆ. ಯಂತ್ರಕ್ಕೆ ದಣಿವಿಲ್ಲ.

ರಾಮದುರ್ಗದ ಕಡೆ ವಿದ್ಯುತ್ ಮಗ್ಗದಲ್ಲಿ ದಿನವಿಡೀ ದುಡಿಯುವ ನೇಕಾರರಿಗೆ ಒಂದು ಮಾತು. ಮಗ್ಗದ ಗದ್ದಲವನ್ನು ಮೀರಿಸಲು ಕಿವಿಯೊಳಗೆ ಹಾಡನ್ನು ಜೋರು ಮಾಡಬೇಡಿ, ಅದು ಎರಡು ಪಟ್ಟು ಹಾನಿ. ಕಿವಿಗೆ ರಕ್ಷಣೆಯ ಬೆಣೆ ಇಟ್ಟುಕೊಳ್ಳಿ. ಹಾಡು ಮನೆಗೆ ಬಂದ ಮೇಲೆ ಇರಲಿ.

ಮನೆಯಲ್ಲಿ ಪಾಲಿಸಬೇಕಾದ ಕೆಲವು ಸೂತ್ರಗಳಿವೆ. ಮೊಬೈಲಿನ ಧ್ವನಿ ಶೇ 60ನ್ನು ದಾಟದಿರಲಿ. ತೋಳಳತೆ ದೂರದಲ್ಲಿರುವವರ ಮಾತು ಕೇಳಿಸದಿದ್ದರೆ ಹಾಡು ಅತಿಯಾಯಿತೆಂದು ತಿಳಿಯಿರಿ. ಕಿವಿಗೆ ಕಡ್ಡಿ, ಪಿನ್ನು, ಕಾಸಿದ ಎಣ್ಣೆ ಹಾಕಬೇಡಿ. ಐವತ್ತು ದಾಟಿದವರು ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ. ಒಂದು ಕಿವಿ ಹಠಾತ್ತನೆ ಕೇಳಿಸದಾದರೆ ಕಾಯದೆ ಅಂದೇ ವೈದ್ಯರನ್ನು ಕಾಣಿರಿ, ತಡವಾದರೆ ಚಿಕಿತ್ಸೆ ಫಲಿಸುವುದು ಕಷ್ಟ. ಶ್ರವಣದೋಷವನ್ನು ಮರೆಗುಳಿ ರೋಗದ ತಡೆಯಬಹುದಾದ ಕಾರಣಗಳಲ್ಲೊಂದು ಎಂದು 2024ರ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿದೆ. ಶ್ರವಣಯಂತ್ರ ಹಾಕಿಕೊಳ್ಳಲು ನಾಚಬೇಡಿ. ಕನ್ನಡಕಕ್ಕೆ ನಾಚುತ್ತೇವೆಯೇ?

ಆ ಹಿರಿಯರೂ ಮೊದಲು ಒಪ್ಪಲಿಲ್ಲ. ಯಂತ್ರ ಹಾಕಿದ ಮೇಲೂ ‘ಹಾರ್ಮೋನಿಯಂ ತಗಡು ಬಡದಂಗ ಕೇಳತೈತ್ರಿ’ ಎಂದು ದೂರಿದರು. ಆ ಯಂತ್ರಗಳು ಮುಖ್ಯವಾಗಿ ಮಾತಿಗೆಂದು ಹೊಂದಿಸಿದವು. ಸಂಗೀತಕ್ಕೆ ಬೇರೆ ಹೊಂದಾಣಿಕೆ ಮಾಡಿಸಿಕೊಳ್ಳಬಹುದು. ಅವರಿಗೂ ಹಾಗೆ ಮಾಡಿಸಲಾಯಿತು. ಈಗ ಸೋಮವಾರದ ಭಜನೆಗೆ ಮತ್ತೆ ಹೋಗುತ್ತಾರೆ. ಮೊನ್ನೆ ಬಂದಾಗ ಮೊಮ್ಮಗನ ಹಾಡಿನ ಬಗ್ಗೆ ಕೇಳಿದೆ. ‘ಅಡ್ಡಿ ಇಲ್ರಿ, ಅದರಾಗೂ ಒಂದೀಟು ಅರ್ಥ ಐತಿ. ಸಣ್ಣಗ ಹಚ್ಚೋ ತಮ್ಮಾ ಅಂದೀನಿ’ ಎಂದರು.

ಅಜ್ಜ ಕೇಳಲು ಸಿದ್ಧ, ಮೊಮ್ಮಗ ಸಣ್ಣಗೆ ಹಚ್ಚಲು ಸಿದ್ಧ. ನಿಮ್ಮ ಮನೆಯಲ್ಲೂ ಈ ಭಾನುವಾರ ಒಂದು ಗಂಟೆ ಇದನ್ನು ಮಾಡಿ ನೋಡಿ. ಮನೆಯ ಒಬ್ಬೊಬ್ಬರೂ ಒಂದೊಂದು ಹಾಡು ಆರಿಸಲಿ, ಉಳಿದವರು ಮುಖ ಸಿಂಡರಿಸದೆ ಕೇಳಲಿ.